ಎರಡು ಸಾವಿರದ ವಾಚಿನಲ್ಲಿ ಏನು ನೋಡಬೇಕು?



ಮೊಬೈಲಿನಾಗ ಟೈಮ್ ಕಾಣುವಾಗ ಕೈಗೆ ವಾಚು ಯಾಕ ಬೇಕು ಅಂತ ಕೆಲವರು ಕೇಳುತ್ತಾರೆ. ಶಾಲೆಗೆ ಮೊಬೈಲು ತರುವಂತಿಲ್ಲ. ಹೊಲದಲ್ಲಿ ಮಣ್ಣುಗೈಯಿಂದ ಮೊಬೈಲು ತೆಗೆಯಲಾಗದು. ಬಸ್ಸಿಗೆ ಓಡುವಾಗ ಕೈ ಎತ್ತಿ ನೋಡಿದರೆ ಸಾಕು, ವಾಚು ಸಮಯ ಹೇಳುತ್ತದೆ. ಆದ್ದರಿಂದ ವಾಚಿನ ಕಾಲ ಇನ್ನೂ ಮುಗಿದಿಲ್ಲ.

ನಮ್ಮಕ್ಕ ಗದಗಿನ ಕಾಲೇಜಿಗೆ ಹೋಗುತ್ತಾಳೆ. ಈ ಸಲ ಕಡಲೆ ಮಾರಿದ ರೊಕ್ಕದಲ್ಲಿ ಅವಳಿಗೊಂದು ವಾಚು ಕೊಡಿಸಬೇಕೆಂದು ಅಪ್ಪ ಹೇಳ್ಯಾರ. ಎರಡು ಸಾವಿರ ರೂಪಾಯಿ ದಾಟಬಾರದು. ಎರಡು ಸಾವಿರ ಅಂದರೆ ನಮ್ಮವ್ವ ಐದಾರು ದಿನ ಬಿಸಿಲಲ್ಲಿ ಬಗ್ಗಿ ದುಡಿದ ಕೂಲಿ. "ಚಂದ ಐತಿ, ಕೊಡ್ರಿ" ಅಂತ ತರುವ ವಸ್ತು ಇದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ವಾಚಿಗೂ ಸಲ್ಲುತ್ತದೆ. ಹೀಗಾಗಿ ವಾಚನ್ನು ಪರೀಕ್ಷಿಸುವ ಬಗೆಯನ್ನು ಓದಿ, ಕೇಳಿ ತಿಳಿದುಕೊಂಡು ಇಲ್ಲಿ ಬರೆದಿದ್ದೇನೆ.

1. ಒಳಗಿನ ಮಷಿನ್

ವಾಚಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚಾವಿ ಕೊಡುವ ವಾಚು. ಅದರೊಳಗೆ ಸುತ್ತಿದ ಸ್ಪ್ರಿಂಗ್ ಇರುತ್ತದೆ. ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಒಂದು ಸಣ್ಣ ಚಕ್ರ ಆ ಕಡೆ ಈ ಕಡೆ ತೂಗಾಡುತ್ತ ಆ ಓಟವನ್ನು ಹಿಡಿತದಲ್ಲಿಡುತ್ತದೆ. ಹಳೆಯ ಎಚ್‌ಎಂಟಿ ಜನತಾ ವಾಚಿನಲ್ಲಿ ಇದು ಗಂಟೆಗೆ 18,000 ಸಲ ಬಡಿಯುತ್ತದೆ. 3,600 ಸೆಕೆಂಡಿನಿಂದ ಭಾಗಿಸಿರಿ: ಸೆಕೆಂಡಿಗೆ 5 ಬಡಿತ! ಡಯಲ್ ಮೇಲೆ "17 ಜ್ಯುವೆಲ್ಸ್" ಎಂದಿರುವುದು ಒಡವೆಯ ಮಾತಲ್ಲ. ಚಕ್ರಗಳ ಅಚ್ಚು ತಿರುಗುವಲ್ಲಿ ಸವೆಯಬಾರದೆಂದು ಕೃತಕ ಮಾಣಿಕ್ಯದ ಕಲ್ಲು ಕೂಡಿಸಿರುತ್ತಾರೆ. ಅವು ಬೆಲೆಬಾಳುವ ಕಲ್ಲುಗಳಲ್ಲ.

ಎರಡನೆಯದು ಸೆಲ್ ವಾಚು, ಅಂದರೆ ಕ್ವಾರ್ಟ್ಜ್. ಇದರಲ್ಲಿ ಸಣ್ಣ ಸ್ಫಟಿಕದ ತುಂಡೊಂದು ಸೆಲ್ಲಿನ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯೇ ಯಾಕೆ? ಇದನ್ನು 15 ಸಲ ಅರ್ಧ ಮಾಡುತ್ತ ಹೋಗಿರಿ, ಕೊನೆಗೆ 1 ಉಳಿಯುತ್ತದೆ. ಒಳಗಿನ ಚಿಪ್ಪು ಇದೇ ಲೆಕ್ಕ ಮಾಡಿ ಸೆಕೆಂಡಿಗೊಮ್ಮೆ ಮುಳ್ಳನ್ನು ಜಿಗಿಸುತ್ತದೆ.

ಸಾಮಾನ್ಯ ಚಾವಿ ವಾಚು ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಮುಂದೆ ಆದರೂ ಅದು ಕೆಟ್ಟಿದೆ ಎನ್ನುವಂತಿಲ್ಲ. ಸೆಲ್ ವಾಚು ತಿಂಗಳಿಗೆ 15–20 ಸೆಕೆಂಡು ತಪ್ಪಬಹುದು, ಅಷ್ಟೇ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿ ಹೊಸೂರಿನ ಕಾರ್ಖಾನೆಯಿಂದ ಸೆಲ್ ವಾಚುಗಳನ್ನು ತಂದಿತು. ಚಾವಿ ಕೊಡುವ ಗೋಜಿಲ್ಲವೆಂದು ಜನ ಸೆಲ್ ವಾಚಿನ ಕಡೆ ವಾಲಿದರು. 2016ರ ಜನವರಿಯಲ್ಲಿ ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು.

ಇಲ್ಲೊಂದು ಮಾತು ನೆನಪಿಡಿರಿ. ಸಂತೆಯ 300 ರೂಪಾಯಿ ವಾಚಿನಲ್ಲೂ ಸ್ಫಟಿಕವೇ ಇದೆ, ಎರಡು ಸಾವಿರದ್ದರಲ್ಲೂ ಅದೇ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ಸಮಯ ತೋರಿಸುತ್ತವೆ. ಹಂಗಾರ ಉಳಿದ 1,700 ರೂಪಾಯಿ ಯಾತಕ್ಕ? ಬಾಳಿಕೆಗೆ. ಬಾಳಿಕೆ ಇಲ್ಲದಿದ್ದರೆ ಆ ರೊಕ್ಕ ಬರೀ ಹೆಸರಿಗೆ ಹೋದಂತೆ.

2. ಹೊರಗಿನ ಮೈ

ವಾಚನ್ನು ತಿರುಗಿಸಿ ಹಿಂದಿನ ಮುಚ್ಚಳ ಓದಿರಿ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಿದ್ದರೆ ಮುಚ್ಚಳ ಮಾತ್ರ ಸ್ಟೀಲು ಎಂದು ಅರ್ಥ. ಮೈ ಸಾಮಾನ್ಯವಾಗಿ ಹಿತ್ತಾಳೆ ಅಥವಾ ಬೇರೆ ಲೋಹದ್ದಿದ್ದು, ಮೇಲೆ ಮುಲಾಮು ಮಾಡಿರುತ್ತಾರೆ. ನಮ್ಮ ಕಡೆಯ ಬ್ಯಾಸಿಗಿ ಬೆವರಿಗೆ ಆ ಮುಲಾಮು ಕ್ರಮೇಣ ಎದ್ದುಹೋಗುತ್ತದೆ. ಪೂರ್ತಿ ಸ್ಟೀಲ್ ಮೈ ಇದ್ದರೆ ಹೆಚ್ಚು ಕಾಲ ಬಾಳುತ್ತದೆ.

ಗಾಜು ಮುಟ್ಟಿ ನೋಡಿರಿ. ನಿಜವಾದ ಗಾಜು ತಣ್ಣಗಿರುತ್ತದೆ, ಬೇಗ ಗೀರು ಬೀಳುವುದಿಲ್ಲ. ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ, ಬೇಗ ಗೀರು ಬೀಳುತ್ತದೆ. ಸೆಕೆಂಡ್ ಮುಳ್ಳು ಗೆರೆಯ ಮೇಲೆಯೇ ನಿಲ್ಲುತ್ತದೆಯೇ? ಸರಿಯಾಗಿ ಮೂರು ಗಂಟೆಗೆ ತಾಸಿನ ಮುಳ್ಳು 3ರ ಮೇಲೂ ನಿಮಿಷದ ಮುಳ್ಳು 12ರ ಮೇಲೂ ಇದೆಯೇ? ಇಲ್ಲದಿದ್ದರೆ ಜೋಡಿಸಿದವರು ಅವಸರ ಮಾಡಿದ್ದಾರೆ.

3. ನೀರಿನ ಮಾತು

"30 ಮೀಟರ್" ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಜಿಗಿಯಬಹುದು ಅಂತ ಕೆಲವರು ತಿಳಿಯುತ್ತಾರೆ. ಅದು ಕಾರ್ಖಾನೆಯಲ್ಲಿ ಒತ್ತಡ ಪರೀಕ್ಷಿಸಿದ ಅಂಕಿ. ಕೈ ತೊಳೆಯಲು, ತುಂತುರು ಮಳೆಗೆ ಅಷ್ಟು ಸಾಕು. ಬಾವಿಯಲ್ಲಿ ಈಜಲು 100 ಮೀಟರಿನ ವಾಚು ಬೇಕು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಹಳೆಯದಾದರೆ ಆ ಅಂಕಿಗೂ ಬೆಲೆಯಿಲ್ಲ. ಸೆಲ್ ಬದಲಿಸುವಾಗ ಅದನ್ನೂ ನೋಡ್ರಿ ಅಂತ ಹೇಳಬೇಕು.

4. ಹಳೆಯ ವಾಚು ಕೊಳ್ಳುವವರಿಗೆ

ಈಗ ಹಳೆಯ ಚಾವಿ ವಾಚಿಗೆ ಬೇಡಿಕೆ ಬಂದಿದೆ. ಸವೆದ ಮಷಿನ್ನಿಗೆ ಹೊಸ ಬಣ್ಣದ ಡಯಲ್ ಹಾಕಿ "ಹೊಸಾದು" ಎಂದು ಮಾರುವವರೂ ಇದ್ದಾರೆ. ಡಯಲ್ ಮೇಲಿನ ಅಕ್ಷರ ದಪ್ಪಗೆ, ಸೊಟ್ಟಗೆ ಇದ್ದರೆ ಸಂಶಯಪಡಿರಿ. ಮುಚ್ಚಳ ಬಿಚ್ಚಿ ತೋರಿಸಲು ಕೇಳಿರಿ. ತುಕ್ಕು ಇದ್ದರೆ, ಇಲ್ಲವೇ ಸ್ಕ್ರೂ ತಲೆ ಹರಿದಿದ್ದರೆ ಬಿಟ್ಟು ಬನ್ನಿರಿ. ಮನೆಯಲ್ಲೇ ಅಜ್ಜನ ವಾಚು ಇದ್ದರೆ ತೊಳೆಸಿ ಎಣ್ಣೆ ಹಾಕಿಸುವುದು ಛಲೋ.

5. ಲೆಕ್ಕ ಹಾಕೋಣ

300 ರೂಪಾಯಿ ವಾಚು ವರ್ಷಕ್ಕೊಂದು ಕೆಟ್ಟರೆ 10 ವರ್ಷಕ್ಕೆ 3,000 ರೂಪಾಯಿ. 2,000ದ ವಾಚು 10 ವರ್ಷ ಬಾಳಿ, ನಡುವೆ ನಾಲ್ಕು ಸಲ ನೂರು ರೂಪಾಯಿಯ ಸೆಲ್ ಹಾಕಿಸಿದರೆ 2,400. ಅದೇ ವಾಚು ಮೂರೇ ವರ್ಷಕ್ಕೆ ಮುಲಾಮು ಎದ್ದು ಮೂಲೆ ಸೇರಿದರೆ ಸಂತೆಯದೇ ಅಗ್ಗ! ಆದ್ದರಿಂದ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಬೇಕು: "ಮೈ ಪೂರ್ತಿ ಸ್ಟೀಲೇನ್ರಿ? ಮಷಿನ್ ಕೆಟ್ಟರ ಗದಗಿನಾಗ ಸಿಗ್ತೈತೇನ್ರಿ? ಗ್ಯಾರಂಟಿ ಕಾರ್ಡಿಗೆ ತಾರೀಖು ಹಾಕಿ ಶಿಕ್ಕಾ ಒತ್ತಿ ಕೊಡ್ತೀರೇನ್ರಿ?" ಮೂರಕ್ಕೂ "ಹೌದು" ಬಂದರೆ ಮಾತ್ರ ರೊಕ್ಕ ಎಣಿಸಬೇಕು. ಅಕ್ಕನ ವಾಚಿಗೂ ಇದನ್ನೇ ಕೇಳೋಣ ಎಂದು ಅಪ್ಪನಿಗೆ ಹೇಳಿದ್ದೇನೆ.

ವಾಚು ನಿಂತಾಗ ಸತ್ತ ಸೆಲ್ ಒಳಗೇ ಬಿಡಬೇಡಿರಿ. ಅದು ಸೋರಿ ಮಷಿನ್ ತಿಂದುಹಾಕುತ್ತದೆ.

ಕೊನೆಗೆ ನಿಮಗೊಂದು ಕೆಲಸ. ಬರುವ ರವಿವಾರ ಮುಂಜಾನೆ 8ಕ್ಕೆ ಮನೆಯ ವಾಚನ್ನು ಮೊಬೈಲಿನ ಸಮಯಕ್ಕೆ ಸರಿಮಾಡಿರಿ. ಮುಂದಿನ ರವಿವಾರ 8ಕ್ಕೆ ಎಷ್ಟು ಸೆಕೆಂಡು ತಪ್ಪಿದೆ ನೋಡಿ, ಈ ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ. ಚಾವಿ ವಾಚೋ ಸೆಲ್ ವಾಚೋ ಅದನ್ನೂ ಬರೆಯಿರಿ. ಗುರುಗಳೂ ಬರೆಯಬೇಕೆಂದು ವಿನಂತಿ.

— 10ನೇ ವರ್ಗದ ವಿದ್ಯಾರ್ಥಿ, ಮುಶಿಗೇರಿ