ದೋಣಿಗೆ ಪ್ಲೈವುಡ್: ಆಯ್ಕೆ ಮತ್ತು ರಕ್ಷಣೆ

ಹೊಳೆಯಾಚೆ ತೋಟವಿರುವ ಬೆಳೆಗಾರರಿಗೆ ದೋಣಿ ಮೋಜಿನ ವಸ್ತುವಲ್ಲ. ಗೊಬ್ಬರದ ಮೂಟೆ, ಅಡಿಕೆಗೊನೆ, ಕೆಲಸದವರು, ಮನೆಮಕ್ಕಳು ಎಲ್ಲರೂ ಅದರಲ್ಲೇ ದಾಟಬೇಕು. ದೋಣಿಗೊಪ್ಪುವ ಹೆಬ್ಬಲಸಿನಂಥ ಮರ ಸಿಗದ ಕಡೆ ಪ್ಲೈವುಡ್ಡಿನಿಂದಲೂ ಸಣ್ಣ ದೋಣಿ ಕಟ್ಟಬಹುದು. ಆದರೆ ಹಲಗೆಯ ಆಯ್ಕೆಯಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ.

ತೆಳುವಾದ ಮರದ ಪದರಗಳನ್ನು ಎಳೆಗಳು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿದ್ದೇ ಪ್ಲೈವುಡ್. ಆದುದರಿಂದ ಮೊದಲು ವಿಚಾರಿಸಬೇಕಾದುದು ಅಂಟನ್ನು. ಅಂಗಡಿಯವರು 'ವಾಟರ್‌ಪ್ರೂಫ್' ಎಂದರೆ ಸಾಲದು. ಐ.ಎಸ್. 710 ಸಂಖ್ಯೆಯೂ ಐ.ಎಸ್.ಐ. ಗುರುತೂ ಇರುವ ಮೆರೀನ್ ಪ್ಲೈವುಡ್ಡನ್ನೇ ಕೇಳಿರಿ. ಇದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಎಂ.ಆರ್. ದರ್ಜೆಯದು ಮನೆಯೊಳಗಿನ ಕಪಾಟಿಗೆ ಸರಿ, ಹೊಳೆಗಲ್ಲ. ಸಂಶಯವಿದ್ದರೆ ಒಂದು ತುಂಡನ್ನು ಮನೆಯಲ್ಲೇ ಕೆಲವು ಗಂಟೆ ಕುದಿಸಿ ನೋಡಿರಿ; ಪದರ ಬಿಟ್ಟರೆ ಆ ಹಲಗೆ ಬೇಡ.

ಹಲಗೆಯ ಅಂಚನ್ನೂ ಪರೀಕ್ಷಿಸಿರಿ. ಪದರಗಳ ನಡುವೆ ಸಂದು ಕಂಡರೆ ಅಲ್ಲಿ ನೀರು ನಿಲ್ಲುತ್ತದೆ, ಬಾಗಿಸುವಾಗ ಅಲ್ಲೇ ಮುರಿಯುತ್ತದೆ. ಹತ್ತು ಹನ್ನೆರಡು ಅಡಿಯ ದೋಣಿಯ ಪಕ್ಕಗಳಿಗೆ 6 ಮಿ.ಮೀ. ದಪ್ಪ ಸಾಮಾನ್ಯ, ಹೊರೆ ಹೇರುವುದಾದರೆ ತಳಕ್ಕೆ 9 ಮಿ.ಮೀ. ಹಾಕುವುದು ಕ್ಷೇಮ.

ಇಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಅಂಟು ನೀರಿಗೆ ಬಿಡದಿದ್ದರೂ ಮರ ನೀರು ಕುಡಿಯುತ್ತದೆ, ಕೊಳೆಯುತ್ತದೆ. ನೀರು ಹೆಚ್ಚಾಗಿ ನುಗ್ಗುವುದು ಕೊಯ್ದ ಅಂಚು ಮತ್ತು ಸ್ಕ್ರೂ ತೂತುಗಳಿಂದ. ಜೋಡಿಸುವ ಮೊದಲೇ ಇವಕ್ಕೆ ಎಪಾಕ್ಸಿ ಕುಡಿಸಿರಿ. ಬಳಿಕ ಒಳಗೂ ಹೊರಗೂ ಎರಡು ಮೂರು ಬಾರಿ ಎಪಾಕ್ಸಿ ಬಳಿದು, ಮೇಲೆ ಪೈಂಟ್ ಹೊಡೆಯಿರಿ. ಬಿಸಿಲಿಗೆ ಬರೀ ಎಪಾಕ್ಸಿ ಹಾಳಾಗುತ್ತದೆ. ಈ ಕೆಲಸಕ್ಕೆ ಹಲಗೆ ಚೆನ್ನಾಗಿ ಒಣಗಿರಬೇಕು, ಹವೆಯೂ ಒಣಗಿರಬೇಕು. ಜನವರಿಯಿಂದ ಮಾರ್ಚ್ ತಕ್ಕ ಕಾಲ.

ದೋಣಿಯೊಳಗೆ ನಿಂತ ಮಳೆನೀರು ಹೊಳೆಯ ನೀರಿಗಿಂತ ಹೆಚ್ಚು ಕೇಡು ಮಾಡುತ್ತದೆ. ಬಳಸದಿರುವಾಗ ದಡಕ್ಕೆಳೆದು, ಕಲ್ಲಿನ ಮೇಲೆ ಕವುಚಿ, ಗಾಳಿಯಾಡುವ ನೆರಳಿನಲ್ಲಿಡಿರಿ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುವುದು ಖಂಡಿತ.

ಕೊಳೆರೋಗ ಬಂದ ಮೇಲಲ್ಲ, ಮಳೆಗೆ ಮುಂಚೆಯೇ ನಾವು ಬೋರ್ಡೋ ಸಿಂಪಡಿಸುತ್ತೇವೆ. ದೋಣಿಗೂ ಅದೇ ನಿಯಮ. ಪ್ರತಿವರ್ಷ ಮೇ ತಿಂಗಳೊಳಗೆ ಪೈಂಟ್ ಎದ್ದ ಕಡೆ, ಮೂಲೆಗಳಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿರಿ. ಮೆತ್ತಗಾಗಿದ್ದರೆ ಆ ಭಾಗ ಕೊಯ್ದು ಹೊಸ ಹಲಗೆ ಕೂರಿಸುವ ತನಕ ಆ ದೋಣಿಗೆ ಯಾರನ್ನೂ ಹತ್ತಿಸಬಾರದು.