ಕ್ಯಾಸ್ಟ್ರೊ ಬೀದಿಯ ವರ್ತಕರ ಸಂಘ

ಪ್ರೈಡ್ ಮೆರವಣಿಗೆಯಲ್ಲಿ ಬಡಾವಣೆಯ ಸಂಘವೊಂದು ಬ್ಯಾನರ್ ಹಿಡಿದು ಹೊರಟರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಚರಂಡಿ, ಬೀದಿದೀಪ, ಕಸದ ಗಾಡಿ ನೋಡಿಕೊಳ್ಳಬೇಕಾದ ಸಂಘಕ್ಕೆ ಲೈಂಗಿಕ ಅಲ್ಪಸಂಖ್ಯಾತರ ಉಸಾಬರಿ ಏಕೆ ಎಂಬುದು ಅವರ ತಕರಾರು. ಆದರೆ ಯಾರು ಎಲ್ಲಿ ಮನೆ ಹಿಡಿಯಬಹುದು, ಅಂಗಡಿ ತೆರೆಯಬಹುದು ಎಂಬುದು ಮೊದಲು ತೀರ್ಮಾನವಾಗುವುದೇ ಬೀದಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಕ್ಯಾಸ್ಟ್ರೊ ಬಡಾವಣೆಯ ಇತಿಹಾಸ ಇದಕ್ಕೆ ಸಾಕ್ಷಿ. ಅಲ್ಲಿದ್ದ ಐರಿಷ್ ಮೂಲದ ದುಡಿಯುವ ಕುಟುಂಬಗಳು ಹೊರವಲಯಗಳಿಗೆ ಹೋದಂತೆಲ್ಲ ಸಲಿಂಗಿಗಳು ಬಂದು ನೆಲೆಸಿದರು. ಅವರಲ್ಲಿ ಇಬ್ಬರು ಹಳೆಯ ವಸ್ತುಗಳ ಅಂಗಡಿ ತೆರೆಯಹೊರಟಾಗ, ಯುರೇಕಾ ವ್ಯಾಲಿ ವರ್ತಕರ ಸಂಘ ಪರವಾನಗಿ ಸಿಗದಂತೆ ಅಡ್ಡಗಾಲು ಹಾಕಿತು. ಬಡಾವಣೆಯ ಸಂಘಕ್ಕೆ ರಾಜಕೀಯ ತಂದವರು ಹೊಸಬರಲ್ಲ. ಬಾಗಿಲು ಮುಚ್ಚಲು ನೋಡಿದ ಹಳಬರೇ.

ಇದಕ್ಕೆ ಪ್ರತಿಯಾಗಿ ಕ್ಯಾಮೆರಾ ಅಂಗಡಿ ನಡೆಸುತ್ತಿದ್ದ ಹಾರ್ವಿ ಮಿಲ್ಕ್ ಮತ್ತಿತರ ಸಲಿಂಗಿ ವರ್ತಕರು ಕ್ಯಾಸ್ಟ್ರೊ ವಿಲೇಜ್ ಅಸೋಸಿಯೇಷನ್ ಕಟ್ಟಿದರು. ಮಿಲ್ಕ್ ಅದರ ಅಧ್ಯಕ್ಷರಾದರು. 1974ರಲ್ಲಿ ಅವರು ನಡೆಸಿದ ಬೀದಿ ಜಾತ್ರೆಗೆ ಸುಮಾರು 5,000 ಜನ ಸೇರಿದರು. ಮೂಗು ಮುರಿದಿದ್ದ ಹಳೆಯ ಸಂಘದವರ ಅಂಗಡಿಗಳಲ್ಲೂ ಅಂದು ಭರ್ಜರಿ ವ್ಯಾಪಾರವಾಯಿತು.

ಹಾಗಾದರೆ ಇದೆಲ್ಲ ಗಲ್ಲಾಪೆಟ್ಟಿಗೆಯ ಪ್ರೀತಿಯೇ? ಲಾಭದ ಲೆಕ್ಕ ಇತ್ತು, ನಿಜ. ಆದರೆ ಕೊಡುಕೊಳ್ಳುವಿಕೆಯಿಂದ ಬೆಳೆದ ಪರಿಚಯ ಅಲ್ಲಿಗೇ ನಿಲ್ಲಲಿಲ್ಲ. 1977ರಲ್ಲಿ ಮಿಲ್ಕ್ ನಗರ ಆಡಳಿತ ಮಂಡಳಿಗೆ ಆಯ್ಕೆಯಾದರು. ಮರುವರ್ಷ, ಸಲಿಂಗಿ ಶಿಕ್ಷಕರನ್ನು ಕೆಲಸದಿಂದ ತೆಗೆಯಲು ಅವಕಾಶ ಕೊಡುವ ಪ್ರಸ್ತಾವವೊಂದು ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಬಂತು. ಆ ಜೂನ್ 25ರ ಮೆರವಣಿಗೆಯಲ್ಲಿ ಗಿಲ್ಬರ್ಟ್ ಬೇಕರ್ ರೂಪಿಸಿದ ಎಂಟು ಬಣ್ಣಗಳ ಕಾಮನಬಿಲ್ಲಿನ ಬಾವುಟ ಮೊದಲ ಬಾರಿ ಹಾರಿತು. ಮಿಲ್ಕ್ ತಮ್ಮ ಹುಟ್ಟೂರಿನ ಹೆಸರಿದ್ದ ಫಲಕ ಹಿಡಿದು ಸಾಗಿದರು. ನೆಂಟರಿಗೆ, ನೆರೆಯವರಿಗೆ ನೀವು ಯಾರೆಂದು ಹೇಳಿಬಿಡಿ ಎಂಬುದೇ ಅವರ ಪ್ರಚಾರದ ತಿರುಳಾಗಿತ್ತು. ನವೆಂಬರ್‌ನಲ್ಲಿ ಪ್ರಸ್ತಾವ ಸೋತಿತು. ಅದೇ ತಿಂಗಳ 27ರಂದು ಮಿಲ್ಕ್ ಹತ್ಯೆಯಾಯಿತು.

ವರ್ಷಕ್ಕೊಮ್ಮೆ ಬ್ಯಾನರ್ ಹಿಡಿಯುವುದು ಬರೀ ತೋರಿಕೆ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ಬಾಡಿಗೆ ಮನೆ ನಿರಾಕರಿಸುವುದನ್ನು ನಮ್ಮ ದೇಶದ 2019ರ ಕಾಯ್ದೆಯೂ ನಿಷೇಧಿಸಿದೆ. ಆದರೆ ಮನೆ ಕೇಳಿಕೊಂಡು ಬಂದವರನ್ನು ಮಾಲೀಕರು ಗೇಟಿನಿಂದಲೇ ಸಾಗಹಾಕುವಾಗ ಅಲ್ಲಿ ಕಾಯ್ದೆ ಇರುವುದಿಲ್ಲ, ಅಕ್ಕಪಕ್ಕದವರು ಇರುತ್ತಾರೆ. ಮೆರವಣಿಗೆಯಲ್ಲಿ ನಡೆದ ಸಂಘ ಆಗಲೂ ಬಾಯಿ ತೆರೆಯಬೇಕು. ತೆರೆಯದಿದ್ದರೆ, ಎಲ್ಲರೆದುರು ಹಿಡಿದ ಬ್ಯಾನರನ್ನೇ ತೋರಿಸಿ ಕಾರಣ ಕೇಳುವ ಹಕ್ಕು ಬಡಾವಣೆಯವರಿಗೆ ಇರುತ್ತದೆ.