ಬೆಟ್ಟದ ಮನೆಯ ಒಲೆಗೆ ಸಹಾಯಧನ ತಲುಪುವುದೆಂತು?

ಶರಣರ ಚರಿತೆಯಲ್ಲಿ ಸೌದೆಹೊರೆಗೆ ಘನವಾದ ಸ್ಥಾನವಿದೆ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದರೆಂದು ಪರಂಪರೆಯು ಹೇಳುವ ಮಾರಯ್ಯನವರು ಕಾಡಿನಲ್ಲಿ ಕಟ್ಟಿಗೆ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಮಾರಿದರು. ಬಂದ ಹಣದಿಂದ ದಾಸೋಹ ನಡೆಸಿದರು. ಹೊತ್ತ ಹೊರೆಯೇ ಅವರ ಹೆಸರಾಯಿತು. ಲೋಕವು ಅವರನ್ನು ಮೋಳಿಗೆಯ ಮಾರಯ್ಯ ಎಂದು ಕರೆಯಿತು. ಮಠದಲ್ಲಿ ಬಾಲ್ಯದ ಪಾಠ ಓದುತ್ತಿದ್ದಾಗ ನಾವು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೆವೋ ಲೆಕ್ಕವಿಲ್ಲ. ಆದರೆ ಸೌದೆಹೊರೆ ಎಷ್ಟು ಭಾರವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ಮಲೆ ಮಹದೇಶ್ವರನ ಬೆಟ್ಟದಲ್ಲಿ.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಆ ಬೆಟ್ಟಸಾಲಿನ ಕಾಡಿನೊಳಗೆ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ನಾಗಮಲೆ ಮೊದಲಾದ ಸಣ್ಣ ಸಣ್ಣ ಊರುಗಳಿವೆ. ಮಾದಪ್ಪನ ಗುಡಿಯ ಪೂಜಾ ಕೈಂಕರ್ಯವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿರುವ ಬೇಡಗಂಪಣ ಲಿಂಗಾಯತರು ಈ ಊರುಗಳಲ್ಲಿ ನೆಲೆಸಿದ್ದಾರೆ. ಇದೇ ಬೆಟ್ಟಸಾಲಿನಲ್ಲಿ ಸೋಲಿಗರ ಪೋಡುಗಳೂ ಇವೆ. ದೀಪಾವಳಿಯ ಜಾತ್ರೆಯಲ್ಲಿ ಹಾಲಹಳ್ಳದಿಂದ ನೂರೊಂದು ಕಳಶಗಳನ್ನು ತಲೆಯ ಮೇಲಿಟ್ಟು ಹಾಲರವೆ ತರುವವರು ಈ ಬೇಡಗಂಪಣರ ಹೆಣ್ಣುಮಕ್ಕಳೇ. ಆ ದಿನ ನಾಡೆಲ್ಲ ಅವರಿಗೆ ಕೈಮುಗಿಯುತ್ತದೆ. ಮರುದಿನದಿಂದ ಅದೇ ತಲೆಯ ಮೇಲೆ ಸೌದೆಹೊರೆ ಏರುತ್ತದೆ. ಅದನ್ನು ನೋಡುವವರು ಯಾರೂ ಇರುವುದಿಲ್ಲ.

2024ರ ಕಾರ್ತಿಕದಲ್ಲಿ ನಾವು ಅಂಥದೊಂದು ಊರಿಗೆ ಹೋಗಿದ್ದೆವು. ವಾಹನ ನಿಂತಲ್ಲಿಂದ ಕಲ್ಲುಹಾದಿಯಲ್ಲಿ ನಡೆದು ತಲುಪುವಾಗ ಮಧ್ಯಾಹ್ನವಾಗಿತ್ತು. ನಮಗೆ ಪ್ರಸಾದವಿತ್ತ ಮನೆಯ ಅಡುಗೆಕೋಣೆಯಲ್ಲಿ ಮೂರುಕಲ್ಲಿನ ಒಲೆ ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲೇ ಕೆಂಪು ಸಿಲಿಂಡರೊಂದು ನಿಂತಿತ್ತು. ಅದರ ಮೇಲೆ ಮೊರ, ಮೊರದಲ್ಲಿ ಹುರುಳಿಕಾಳು. ನಾವು ಅದನ್ನು ನೋಡುತ್ತಿರುವುದನ್ನು ಕಂಡ ಮನೆಯ ತಾಯಿ ನಕ್ಕು ಹೇಳಿದರು: “ಸಿಲಿಂಡ್ರು ಅದ ಬುದ್ಧಿ, ಗ್ಯಾಸಿಲ್ಲ. ಸರ್ಕಾರದೋರು ಮುನ್ನೂರು ರೂಪಾಯಿ ಕೊಟ್ಟಾರು. ಆ ಮುನ್ನೂರು ಕೆಳಗಿಂದ ಹೊತ್ಕಂಡು ಬರೋನ ಕೂಲಿಗೇ ಹೋಯ್ತದ. ಕಾಡಲ್ಲಿ ಸೌದೆ ಸಿಕ್ಕೋಗಂಟ ಸೌದೇನೆ.”

ಆ ತಾಯಿ ಹೇಳಿದ ಲೆಕ್ಕವನ್ನು ಕುರಿತು ಈ ಲೇಖನದಲ್ಲಿ ಒಂದಿಷ್ಟು ವಿಚಾರ ಮಾಡಬೇಕೆಂದಿದ್ದೇವೆ.

ಸಹಾಯಧನ ನಡೆದು ಬಂದ ದಾರಿ

ಬಡವರ ಒಲೆಗೆ ಸರ್ಕಾರದ ನೆರವು ಹೊಸದೇನಲ್ಲ. ಬಹುಕಾಲದವರೆಗೆ ಆ ನೆರವು ಸೀಮೆಎಣ್ಣೆಯ ರೂಪದಲ್ಲಿ ನ್ಯಾಯಬೆಲೆ ಅಂಗಡಿಗೆ ಬರುತ್ತಿತ್ತು. ಅದರಲ್ಲಿ ಕಳವು, ಕಲಬೆರಕೆ ಎರಡೂ ಇದ್ದವು. ಆದರೆ ಒಂದು ಅನುಕೂಲವೂ ಇತ್ತು. ಸೀಮೆಎಣ್ಣೆಯನ್ನು ಲೀಟರಿನ ಲೆಕ್ಕದಲ್ಲಿ ಕೊಳ್ಳಬಹುದಾಗಿತ್ತು. ಮಗುವೊಂದು ಡಬ್ಬಿಯಲ್ಲಿ ಹಿಡಿದು ತರಬಹುದಾಗಿತ್ತು. ಅಡುಗೆ ಅನಿಲವು ಹಾಗಲ್ಲ. ಸಿಲಿಂಡರಿನಲ್ಲಿರುವ ಅನಿಲದ ತೂಕ 14.2 ಕಿಲೋ, ಕಬ್ಬಿಣದ ತೂಕವೂ ಸೇರಿದರೆ ಸುಮಾರು 30 ಕಿಲೋ. ಹಣವನ್ನೂ ಒಂದೇ ಸಲ ಕೊಡಬೇಕು, ಭಾರವನ್ನೂ ಒಂದೇ ಸಲ ಹೊರಬೇಕು.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾಯಿತು. ಬಡ ಕುಟುಂಬದ ಹೆಣ್ಣುಮಗಳ ಹೆಸರಿನಲ್ಲಿ, ಠೇವಣಿಯಿಲ್ಲದೆ, ಸಂಪರ್ಕವೊಂದಕ್ಕೆ 1,600 ರೂಪಾಯಿಗಳ ನೆರವನ್ನು ಕೇಂದ್ರ ಸರ್ಕಾರ ನೀಡಿತು. 2019ರ ಸೆಪ್ಟೆಂಬರ್ ವೇಳೆಗೆ ಇಂಥ ಸಂಪರ್ಕಗಳು ಎಂಟು ಕೋಟಿಯನ್ನು ಮುಟ್ಟಿದವು. ಮುಂದೆ ಹತ್ತು ಕೋಟಿಯನ್ನು ದಾಟಿದವು. ನಮ್ಮ ರಾಜ್ಯವೂ ಮುಖ್ಯಮಂತ್ರಿ ಅನಿಲಭಾಗ್ಯ ಎಂಬ ಹೆಸರಿನಲ್ಲಿ ತನ್ನದೇ ಯೋಜನೆಯನ್ನು ರೂಪಿಸಿತು. ಹೆಣ್ಣುಮಗಳ ಹೆಸರಿಗೆ ಮನೆಯ ಒಲೆಯ ಹಕ್ಕು ಬಂದದ್ದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಸಂಪರ್ಕ ಬಂದ ಮೇಲೆ ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸಬೇಕಲ್ಲವೇ? ಕಷ್ಟವು ಅಲ್ಲಿ ತಲೆದೋರಿತು. ಮೊದಲ ಹಂತದಲ್ಲಿ ಅನೇಕ ಕುಟುಂಬಗಳು ಒಲೆಯನ್ನೂ ಮೊದಲ ಸಿಲಿಂಡರನ್ನೂ ಸಾಲವಾಗಿ ಪಡೆದಿದ್ದವು. ಆ ಸಾಲವನ್ನು ಮುಂದೆ ಬರಬೇಕಾದ ಸಹಾಯಧನದಲ್ಲಿ ಮುರಿದುಕೊಂಡುದರಿಂದ ಅವರ ಕೈಗೆ ಬಿಡಿಗಾಸೂ ಬರಲಿಲ್ಲ. 2021ರ ಆಗಸ್ಟಿನಲ್ಲಿ ಎರಡನೆಯ ಹಂತ ಆರಂಭವಾದಾಗ ಒಲೆ ಮತ್ತು ಮೊದಲ ಸಿಲಿಂಡರ್ ಉಚಿತವಾದವು. 2022ರ ಮೇ ತಿಂಗಳಿನಿಂದ ಉಜ್ವಲಾ ಕುಟುಂಬಗಳಿಗೆ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಸಹಾಯಧನ ನಿಗದಿಯಾಯಿತು. ವರ್ಷಕ್ಕೆ ಹನ್ನೆರಡು ಸಿಲಿಂಡರುಗಳಿಗಿದ್ದ ಈ ನೆರವನ್ನು 2025–26ನೆಯ ಸಾಲಿಗೆ ಒಂಬತ್ತಕ್ಕೆ ಇಳಿಸಲಾಯಿತು. 2025ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಸಿಲಿಂಡರಿನ ಬೆಲೆ 853 ರೂಪಾಯಿ. ಸಹಾಯಧನ ಕಳೆದರೆ ಉಜ್ವಲಾ ಕುಟುಂಬಕ್ಕೆ ಬಿದ್ದದ್ದು 553 ರೂಪಾಯಿ.

ನೆರವಿನಿಂದ ಫಲ ದೊರೆತಿಲ್ಲವೆಂದು ಹೇಳಲಾಗದು. ಉಜ್ವಲಾ ಕುಟುಂಬವೊಂದು 2019–20ರಲ್ಲಿ ವರ್ಷಕ್ಕೆ ಸರಾಸರಿ ಮೂರು ಸಿಲಿಂಡರುಗಳನ್ನು ಬಳಸಿದ್ದರೆ, 2024–25ರಲ್ಲಿ ಅದು ನಾಲ್ಕೂವರೆಯ ಸಮೀಪಕ್ಕೆ ಬಂದಿತು. ಆದರೂ ಅಡುಗೆಯನ್ನೆಲ್ಲ ಅನಿಲದಲ್ಲೇ ಮಾಡುವ ಸಾಧಾರಣ ಸಂಸಾರಕ್ಕೆ ವರ್ಷಕ್ಕೆ ಎಂಟೋ ಹತ್ತೋ ಬೇಕಾಗುತ್ತವೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಹಾಗಾದರೆ ಉಳಿದ ಅಡುಗೆ ಯಾವುದರಲ್ಲಿ ನಡೆಯುತ್ತಿದೆ? ಸೌದೆಯಲ್ಲಿ, ಬೆರಣಿಯಲ್ಲಿ, ತರಗೆಲೆಯಲ್ಲಿ. ನಾಲ್ಕೂವರೆ ಎಂಬುದೂ ದೇಶದ ಸರಾಸರಿ. ಬಾಗಿಲಿಗೆ ಸಿಲಿಂಡರ್ ಬರುವ ಊರೂ ಅದರೊಳಗಿದೆ, ಮೊರ ಹೊತ್ತು ನಿಂತ ಬೆಟ್ಟದ ಸಿಲಿಂಡರೂ ಅದರೊಳಗಿದೆ.

ರಸ್ತೆ ಮುಗಿಯುವಲ್ಲಿ

ಇಲ್ಲಿ ಎರಡು ಅಡಚಣೆಗಳನ್ನು ಬೇರೆ ಬೇರೆಯಾಗಿ ಕಾಣಬೇಕು. ಮೊದಲನೆಯದು ಹಣದ ಕ್ರಮ. ಕೊಳ್ಳುವವರು ಮೊದಲು ಪೂರ್ತಿ ಬೆಲೆ ತೆರಬೇಕು. ಸಹಾಯಧನ ಆಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಸಂಬಳದ ಮನೆಗೆ ಇದರಿಂದ ತೊಂದರೆಯಿಲ್ಲ. ಆದರೆ ಕೂಲಿಯ ಮನೆಯಲ್ಲಿ ಎಂಟುನೂರು ರೂಪಾಯಿ ಒಟ್ಟಿಗೆ ಇರುವ ದಿನ ಅಪರೂಪ. ಖಾತೆಗೆ ಬಂದ ಹಣವನ್ನು ತೆಗೆಯಲು ಬೆಟ್ಟ ಇಳಿದು ಹೋದರೆ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು.

ಎರಡನೆಯದು ದಾರಿಯ ವೆಚ್ಚ. ಸಹಾಯಧನವನ್ನು ಸಿಲಿಂಡರಿನ ಲೆಕ್ಕದಲ್ಲಿ ಕೊಡಲಾಗುತ್ತದೆಯೇ ಹೊರತು ದೂರದ ಲೆಕ್ಕದಲ್ಲಲ್ಲ. ಪಟ್ಟಣದ ಅಂಚಿನ ಬಡವರಿಗೂ ಮುನ್ನೂರು, ಬೆಟ್ಟದ ಬಡವರಿಗೂ ಮುನ್ನೂರು. ಪಟ್ಟಣದವರಿಗೆ ಅದು ಅಗ್ಗದ ಅಡುಗೆಯಾಗುತ್ತದೆ. ಬೆಟ್ಟದವರಿಗೆ ಹೊರೆಯಾಳಿನ ಕೂಲಿಯಾಗುತ್ತದೆ. ಹೆಸರಿಗೆ ಸಮಾನತೆ, ಫಲದಲ್ಲಿ ಅಂತರ.

ದೂರಕ್ಕೂ ಬೆಲೆಯುಂಟು ಎಂಬುದನ್ನು ಸರ್ಕಾರ ಅರಿಯದೆ ಇಲ್ಲ. 2002ರಲ್ಲಿ ಕೇಂದ್ರ ಸರ್ಕಾರವು ಪಡಿತರ ಸೀಮೆಎಣ್ಣೆಗೂ ಅಡುಗೆ ಅನಿಲಕ್ಕೂ ದೂರಪ್ರದೇಶಗಳ ಸಾಗಣೆ ಸಹಾಯಧನವೆಂಬ ಯೋಜನೆಯನ್ನು ರೂಪಿಸಿತು. ಈಶಾನ್ಯ ರಾಜ್ಯಗಳು, ಸಿಕ್ಕಿಂ, ಜಮ್ಮು–ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ಅಂಡಮಾನ್, ಲಕ್ಷದ್ವೀಪಗಳು ಅದರ ವ್ಯಾಪ್ತಿಗೆ ಬಂದವು. ಹಿಮಾಲಯದ ಮೇಲೂ ಕಡಲಿನ ನಡುವೆಯೂ ಇರುವ ಬಂಧುಗಳಿಗೆ ಈ ನೆರವು ದೊರೆತದ್ದು ನ್ಯಾಯವೇ ಸರಿ. ಆದರೆ ಆ ಪಟ್ಟಿಯನ್ನು ರಾಜ್ಯದ ಲೆಕ್ಕದಲ್ಲಿ ಮಾಡಲಾಯಿತು. ರೈಲು, ಹೆದ್ದಾರಿ, ಬಂದರುಗಳಿರುವ ಕರ್ನಾಟಕವನ್ನು ದೂರಪ್ರದೇಶವೆಂದು ಯಾರು ಬಗೆದಾರು? ರಾಜ್ಯ ದೂರವಲ್ಲದಿದ್ದರೂ ಊರು ದೂರವಿರಬಹುದು. ಮಾದಪ್ಪನ ಬೆಟ್ಟದ ಊರುಗಳಂತೆಯೇ ಪಶ್ಚಿಮಘಟ್ಟದ ಒಂಟಿಮನೆಗಳೂ, ಜೋಯಿಡಾ ಕಾಡಿನ ಹಳ್ಳಿಗಳೂ ಈ ಮಾತಿಗೆ ಸಾಕ್ಷಿ.

ಸೌದೆ ಪುಕ್ಕಟೆಯೇ?

ಕೆಲವರು ಕೇಳುತ್ತಾರೆ: ಕಾಡಿನವರಿಗೆ ಸೌದೆ ಪುಕ್ಕಟೆ ಸಿಗುವಾಗ ಅನಿಲವೇಕೆ? ಪುಕ್ಕಟೆಯೆಂಬ ಮಾತು ಹೊರದವರ ಬಾಯಲ್ಲಿ ಮಾತ್ರ ಬರುತ್ತದೆ. ಸೌದೆಯ ಬೆಲೆಯನ್ನು ಹೆಣ್ಣುಮಕ್ಕಳು ಕಣ್ಣಿನಿಂದ, ಶ್ವಾಸಕೋಶದಿಂದ, ಸೊಂಟದಿಂದ ತೆರುತ್ತಾರೆ. ಮನೆಯೊಳಗಿನ ಹೊಗೆಯಿಂದಾಗಿ 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವ ತಾಯಿ, ಅವಳ ಮಗ್ಗುಲಲ್ಲಿ ಮಲಗಿದ ಕೂಸು, ಇವರಿಬ್ಬರನ್ನು ಈ ಹೊಗೆ ಮೊದಲು ಮುಟ್ಟುತ್ತದೆ. ಮೇಲಾಗಿ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಧಾಮವಾಗಿದೆ. ಆನೆ ಸುಳಿಯುವ ಹಾದಿಯಲ್ಲಿ ಸೌದೆಗೆ ಹೋದವರು ಸಂಜೆಗೆ ಮನೆ ಸೇರುವವರೆಗೆ ಮನೆಯವರ ಜೀವ ಜೀವದಲ್ಲಿರುವುದಿಲ್ಲ. ಕಾಡು ಉಳಿಯಬೇಕೆನ್ನುವವರಿಗೂ ತಾಯಂದಿರು ಉಳಿಯಬೇಕೆನ್ನುವವರಿಗೂ ಇಲ್ಲಿ ಒಂದೇ ದಾರಿ.

ಸಹಾಯಧನವೂ ಕಾಯಕತತ್ತ್ವವೂ

ನಮ್ಮ ಸಮಾಜದಲ್ಲಿ ಇನ್ನೊಂದು ಆಕ್ಷೇಪವನ್ನು ಕೇಳಿದ್ದೇವೆ. ಕಾಯಕವನ್ನು ಬೋಧಿಸಿದ ಶರಣರ ಮಕ್ಕಳು ಸರ್ಕಾರದ ಮುಂದೆ ಕೈಯೊಡ್ಡುವುದು ತರವೇ ಎಂದು. ಪ್ರಶ್ನೆ ಗಂಭೀರವಾದದ್ದು, ಉಡಾಫೆಯಿಂದ ಉತ್ತರಿಸಲಾಗದು. ಆಯ್ದಕ್ಕಿ ಲಕ್ಕಮ್ಮನವರು ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂಬುದು ನಮಗೆಲ್ಲ ತಿಳಿದ ಪ್ರಸಂಗ. ಅವರು ಬೇಡವೆಂದದ್ದು ಅಗತ್ಯವನ್ನು ಮೀರಿದ ಅಕ್ಕಿಯನ್ನು. ಅಂದಿನ ಅಡುಗೆಗೆ ಬೇಕಾದ ಅಕ್ಕಿಯನ್ನು ಅವರು ತಿರಸ್ಕರಿಸಲಿಲ್ಲ.

ಈ ಪ್ರಸಂಗದ ಅಳತೆಗೋಲನ್ನು ಬೆಟ್ಟದ ತಾಯಿಗಿಂತ ಮೊದಲು ನಮಗೇ ಹಿಡಿದುಕೊಳ್ಳಬೇಕು. 2015ರ ಮಾರ್ಚಿನಲ್ಲಿ, ಉಳ್ಳವರು ತಮ್ಮ ಅನಿಲ ಸಹಾಯಧನವನ್ನು ತಾವಾಗಿ ಬಿಟ್ಟುಕೊಡಬೇಕೆಂಬ ಕರೆ ಹೊರಟಿತು. ಒಂದು ಕೋಟಿಗೂ ಹೆಚ್ಚು ಕುಟುಂಬಗಳು ಬಿಟ್ಟುಕೊಟ್ಟವು. ಬಿಟ್ಟುಕೊಟ್ಟ ನಮ್ಮ ಓದುಗರೂ ಇದ್ದಾರು. ಅವರು ನಡೆದದ್ದು ಲಕ್ಕಮ್ಮನವರ ಹಾದಿ. ಇನ್ನು ದಿನವಿಡೀ ದುಡಿದು, ಮೇಲೆ ಸೌದೆಯನ್ನೂ ಹೊರುವ ತಾಯಿಗೆ ನೀಡುವ ನೆರವನ್ನು ಭಿಕ್ಷೆಯೆಂದು ಕರೆಯುವುದು ಅನ್ಯಾಯ. ಅವರು ಕಾಯಕ ಬಿಟ್ಟು ಬೇಡುತ್ತಿಲ್ಲ. ನಾವು ರಸ್ತೆ ಮಾಡಿಕೊಡದೆ ಉಳಿಸಿಕೊಂಡ ಬಾಕಿಯನ್ನು ಅವರು ತಲೆಯ ಮೇಲೆ ಹೊತ್ತು ತೀರಿಸುತ್ತಿದ್ದಾರೆ. ಮಾರಯ್ಯನವರು ಸೌದೆಯನ್ನು ಒಲಿದು ಹೊತ್ತರು. ಈ ತಾಯಂದಿರು ಬೇರೆ ದಾರಿಯಿಲ್ಲದೆ ಹೊರುತ್ತಾರೆ. ಕಾಯಕಕ್ಕೂ ಕಡ್ಡಾಯಕ್ಕೂ ಇರುವ ಭೇದ ಇದೇ.

ಆಗಬೇಕಾದದ್ದೇನು?

ಸರ್ಕಾರದಿಂದ ಆಗಬೇಕಾದದ್ದು ಒಂದು: ಸಾಗಣೆಯ ನೆರವನ್ನು ರಾಜ್ಯದ ಹೆಸರು ನೋಡದೆ ಊರಿನ ದಾರಿ ನೋಡಿ ಕೊಡಬೇಕು. ವಾಹನ ಹೋಗದ ಇಂತಿಷ್ಟು ಊರುಗಳೆಂದು ಪ್ರತಿ ತಾಲ್ಲೂಕಿನಲ್ಲೂ ಪಟ್ಟಿ ಮಾಡುವುದು ಕಷ್ಟವಲ್ಲ. ಚುನಾವಣೆ ಬಂದಾಗ ಮತಪೆಟ್ಟಿಗೆ ಹೊರುವವರಿಗಾಗಿ ಆ ಪಟ್ಟಿ ಹೇಗೂ ಸಿದ್ಧವಾಗುತ್ತದೆ.

ಊರಿನವರಿಂದಲೂ ಆಗಬಹುದಾದದ್ದಿದೆ. 14.2 ಕಿಲೋ ಸಿಲಿಂಡರಿನ ಬದಲು 5 ಕಿಲೋದ ಸಣ್ಣ ಸಿಲಿಂಡರಿನ ಸಂಪರ್ಕವನ್ನು ಪಡೆಯಲು ಉಜ್ವಲಾ ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಅದಕ್ಕೆ ತೂಕಕ್ಕೆ ತಕ್ಕ ಸಹಾಯಧನವೂ ಸಲ್ಲುತ್ತದೆ. ಒಮ್ಮೆಗೆ ಕೊಡುವ ಹಣವೂ ಕಡಿಮೆ, ಹೊರುವ ಭಾರವೂ ಕಡಿಮೆ. ಬೆಟ್ಟದ ಮನೆಗಳಿಗೆ ಇದು ಹೆಚ್ಚು ಒಪ್ಪುತ್ತದೆ. ಮಹಿಳಾ ಸ್ವಸಹಾಯ ಸಂಘವು ಸಣ್ಣದೊಂದು ಗಂಟನ್ನು ಇಟ್ಟುಕೊಂಡು ಸಿಲಿಂಡರಿನ ಪೂರ್ತಿ ಬೆಲೆಯನ್ನು ಮುಂಗಡವಾಗಿ ಕೊಟ್ಟು, ಸಹಾಯಧನ ಬಂದೊಡನೆ ಮರಳಿ ಪಡೆಯಬಹುದು. ಹತ್ತು ಮನೆಯವರು ಒಂದೇ ದಿನ ಸಿಲಿಂಡರ್ ಕಾಯ್ದಿರಿಸಿದರೆ ಒಂದೇ ಜೀಪಿನ ಬಾಡಿಗೆಯನ್ನು ಹತ್ತು ಮನೆ ಹಂಚಿಕೊಳ್ಳಬಹುದು. ಖಾತೆಗೂ ಆಧಾರಿಗೂ ಜೋಡಣೆ ಸರಿಯಿದೆಯೇ ಎಂಬುದನ್ನು ಓದುಬಲ್ಲ ಮಕ್ಕಳು ವರ್ಷಕ್ಕೊಮ್ಮೆಯಾದರೂ ವಿಚಾರಿಸಿ ತಾಯಿಗೆ ತಿಳಿಸಬೇಕು.

ಸೌದೆ ಒಂದೇ ದಿನದಲ್ಲಿ ಹೋಗದು. ರಾಗಿಮುದ್ದೆಯ ದೊಡ್ಡ ಪಾತ್ರೆ, ಸ್ನಾನದ ಹಂಡೆ ಇನ್ನೂ ಬಹುಕಾಲ ಸೌದೆಯನ್ನೇ ಬೇಡುತ್ತವೆ. ಅದಕ್ಕೂ ನಮ್ಮ ನಾಡಿನಲ್ಲೇ ಪರಿಹಾರ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಹಳ್ಳಿಯವರೊಡನೆ ಕೆಲಸ ಮಾಡಿದರು. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಅನಿಲ ತಲುಪುವವರೆಗೆ ಅಂಥ ಒಲೆಯಾದರೂ ಮೂರುಕಲ್ಲಿನ ಸ್ಥಾನಕ್ಕೆ ಬರಬೇಕು.

ಉಳಿದದ್ದು ನಮ್ಮ ಪಾಲು. ಮಾದಪ್ಪನ ಬೆಟ್ಟಕ್ಕೆ ವರ್ಷವರ್ಷವೂ ಹರಕೆ ಹೊತ್ತು ಹೋಗುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ! ಹರಕೆಯ ಒಂದು ಪಾಲು ಆ ಕಾಡಿನೂರಿನ ಸಂಘದ ಗಂಟಿಗೆ ಸೇರಿದರೆ ಅದು ದಾಸೋಹವೇ. ಮನೆಯ ಯಜಮಾನರು ಇದನ್ನು ಮನೆಯ ತಾಯಂದಿರೊಡನೆ ಕೂತು ವಿಚಾರಿಸಬೇಕೆಂದು ಬೇಡುತ್ತೇವೆ. ಒಲೆಯ ಕಷ್ಟ ಅವರಿಗೇ ಹೆಚ್ಚು ಗೊತ್ತು.

ನಾವು ಹೊರಟು ನಿಂತಾಗ ಆ ತಾಯಿ ಮೊರವನ್ನು ಎತ್ತಿ, ಸಿಲಿಂಡರನ್ನು ಸೆರಗಿನಿಂದ ಒರೆಸಿದರು. “ಮಗಳ ಮದುವೆ ಹೊತ್ಗೆ ಒಂದು ತುಂಬುಸ್ಬೇಕು ಬುದ್ಧಿ” ಎಂದರು. ಮದುವೆಗೆ ಮಾತ್ರವಲ್ಲ, ದಿನದ ಅಂಬಲಿಗೂ ಅದು ಒದಗುವಂತಾಗಲಿ. ಮಾದಪ್ಪನ ಮುಂದೆ ಆ ದಿನ ನಮಗೆ ಬೇರೆ ಬೇಡಿಕೆ ತೋಚಲಿಲ್ಲ.